ತೋಳು ಚಾಚಿದ ಬ್ರೇಕಕ್ಕ

ಕೋಳಿ ಅಡ್ಡ ಬಂದರೂ ಬಸ್ಸು ನಿಲ್ಲಿಸುವ ಡ್ರೈವರ್ ಎಂದು ಡಿಪೋದವರೆಲ್ಲ ಅವಳನ್ನು ಬ್ರೇಕಕ್ಕ ಎಂದೇ ಕರೆಯುತ್ತಿದ್ದರು. ಅಂಥವಳಿಗೆ ಬಿಟ್ಟೂ ಬಿಡದ ಜ್ವರ ಹಿಡಿಯಿತು. ಸ್ಟೇರಿಂಗ್ ತಿರುಗಿಸಿದರೆ ಏದುಸಿರು. ಆಸ್ಪತ್ರೆಗೆ ಸೇರಿದಾಗ ಹೃದಯದ ಕವಾಟಕ್ಕೇ ಸೋಂಕು ತಗುಲಿದ್ದು ಗೊತ್ತಾಯಿತು.

"ಈ ರೋಗಾಣುವಿಗೆ ಪೆನಿಸಿಲಿನ್ನೇ ಒಳ್ಳೇ ಮದ್ದು" ಎಂದರು ಡಾಕ್ಟರಮ್ಮ.

ಪಕ್ಕದಲ್ಲಿದ್ದ ಅವಳ ಅಕ್ಕ ಕೆಂಡ ತುಳಿದವಳಂತೆ ಎದ್ದು ನಿಂತಳು. "ಅಯ್ಯೋ, ಅದೊಂದು ಬೇಡ ಡಾಕ್ಟ್ರೇ! ಇವಳು ಚಿಕ್ಕೋಳಿದ್ದಾಗ ಅದನ್ನ ಕೊಟ್ಟು ಮೈಯೆಲ್ಲ ದದ್ದು ಎದ್ದಿತ್ತು."

ತಾಯಿಯಿಲ್ಲದ ಮನೆಯಲ್ಲಿ ತಂಗಿಯನ್ನು ಸಾಕಿದವಳು ಅವಳೇ.

ಡಾಕ್ಟರಮ್ಮ ಆ ಮಾತನ್ನು ತಳ್ಳಿಹಾಕಲಿಲ್ಲ. ಕುರ್ಚಿ ಎಳೆದುಕೊಂಡು ಕೂತರು. ದದ್ದು ಕೂಡಲೇ ಎದ್ದಿತೋ, ಆಮೇಲೋ? ಉಸಿರು ಕಟ್ಟಿತ್ತೇ? ತುಟಿ ಊದಿತ್ತೇ? ಅಕ್ಕ ನೆನಪು ಕೆದಕಿದಳು. ಇಲ್ಲ, ಜ್ವರ ಇಳಿಯುವ ಹೊತ್ತಿಗೆ ಬರೀ ದದ್ದು.

"ಅದು ಜ್ವರದ್ದೇ ದದ್ದು ಇರಬಹುದು. ಅಲರ್ಜಿ ಇದ್ದಿದ್ರೂ ಇಷ್ಟು ವರ್ಷದಲ್ಲಿ ಹೋಗಿರಬಹುದು. ಆದ್ರೆ ಬರೀ ಊಹೆ ನಂಬಿ ಕೊಡಲ್ಲ. ಮೊದ್ಲು ಚರ್ಮದ ಪರೀಕ್ಷೆ, ಆಮೇಲೆ ಚೂರೇ ಚೂರು ಮದ್ದು. ಹೆಚ್ಚುಕಮ್ಮಿ ಆದ್ರೆ ತಡೆಯೋ ಇಂಜೆಕ್ಷನ್ ಪಕ್ಕದಲ್ಲೇ ಇರುತ್ತೆ. ಇದನ್ನ ಮನೇಲಿ ಮಾತ್ರ ಯಾರೂ ಪ್ರಯತ್ನಿಸಬಾರದು."

"ಬೇಡ ಕಣೇ" ಎಂದು ಅಕ್ಕ ತಂಗಿಯ ಕೈ ಹಿಡಿದುಕೊಂಡಳು. "ಆವತ್ತಿನ ನಿನ್ನ ಮುಖ ನಾನು ನೋಡಿದೀನಿ. ಇನ್ನೊಂದ್ಸಲ ನೋಡೋಕೆ ನನ್ನ ಕೈಲಾಗಲ್ಲ."

"ನೀನು ಕಣ್ಣು ಮುಚ್ಕೋ ಅಕ್ಕ. ನಾನು ತೋಳು ಚಾಚ್ತೀನಿ."

ಮರುದಿನ ಬೆಳಿಗ್ಗೆ ನರ್ಸ್ ಮುಂದೋಳಿನ ಮೇಲೆ ಎರಡು ಮೂರು ಕಡೆ ಹನಿಯಿಟ್ಟು ಚುಚ್ಚಿದಳು. ಬ್ರೇಕಕ್ಕನ ಎದೆ ಡವಡವ ಹೊಡೆದುಕೊಳ್ಳುತ್ತಿತ್ತು. ತೋಳು ಮಾತ್ರ ಕದಲಲಿಲ್ಲ. ಸ್ವಲ್ಪ ಹೊತ್ತಿಗೆ ಒಂದು ಗುಳ್ಳೆ ಎದ್ದಿತು.

"ನೋಡಿ, ನೋಡಿ! ನಾನು ಬಡ್ಕೊಂಡೆ!" ಅಕ್ಕ ಕಿರುಚಿದಳು.

"ಅದು ಹೋಲಿಸಿ ನೋಡೋಕೆ ಅಂತ ನಾವೇ ಬೇರೆ ಮದ್ದು ಹಾಕಿ ಎಬ್ಬಿಸಿರೋದು ಅಮ್ಮಾ. ಪೆನಿಸಿಲಿನ್ ಹಾಕಿರೋದು ಇಲ್ಲಿ" ಎಂದಳು ನರ್ಸ್. ಅಲ್ಲಿ ಚರ್ಮ ಸಪಾಟಾಗಿತ್ತು. ಏದುಸಿರಿನಲ್ಲೂ ಬ್ರೇಕಕ್ಕನಿಗೆ ನಗು ತಡೆಯಲಾಗಲಿಲ್ಲ.

ಚರ್ಮದ ಒಳಪದರಕ್ಕೆ ಚುಚ್ಚಿ ನೋಡಿದಾಗಲೂ ಗುಳ್ಳೆ ಏಳಲಿಲ್ಲ. ಬಳಿಕ ಚೂರು ಮದ್ದು ಕೊಟ್ಟು ನರ್ಸ್ ಹತ್ತಿರವೇ ಕೂತಳು. ನಾಡಿ, ಉಸಿರು, ತುಟಿ ನೋಡುತ್ತಲೇ ಇದ್ದಳು. ಏನೂ ಆಗಲಿಲ್ಲ. ಮಧ್ಯಾಹ್ನ ಪೂರ್ತಿ ಪ್ರಮಾಣ ಶುರುವಾಯಿತು.

ಕೆಲವೇ ದಿನಗಳಲ್ಲಿ ಜ್ವರ ಬಿಟ್ಟಿತು. ಡ್ರಿಪ್ ಮಾತ್ರ ವಾರಗಟ್ಟಲೆ ನಡೆಯಬೇಕಿತ್ತು. ಸೂಜಿ ಚುಚ್ಚಿ ಚುಚ್ಚಿ ಕೈ ಬಾತುಕೊಂಡಿತು. ಅವಳು ಹಲ್ಲು ಕಚ್ಚಿ ಸಹಿಸಿದಳು. ಆಸ್ಪತ್ರೆಯ ಮಂಚದ ಮೇಲೆ ಮಲಗಿ ಬೇಸರ ಬಂದು ಒಮ್ಮೆ "ಸಾಕು, ಮನೆಗೆ ಹೋಗೋಣ್ವಾ?" ಎಂದಾಗ ಅಕ್ಕನೇ ಕಣ್ಣು ಕೆಕ್ಕರಿಸಿದಳು. "ಅರ್ಧಕ್ಕೆ ಬಿಟ್ಟರೆ ರೋಗ ಮತ್ತೆ ವಕ್ಕರಿಸುತ್ತಂತೆ. ಮುಗಿಸ್ಕೊಂಡೇ ಏಳು!"

ಮುಗಿಸಿಕೊಂಡೇ ಎದ್ದಳು. ಕವಾಟದಲ್ಲಿ ಈಗ ಸೋಂಕಿಲ್ಲ ಎಂದು ಡಾಕ್ಟರಮ್ಮ ಹೇಳಿದ ದಿನ ಅಕ್ಕತಂಗಿಯರು ಲಿಫ್ಟಿಗೂ ಕಾಯದೆ ಮೆಟ್ಟಿಲಿಳಿದು ಬೀದಿಗೆ ಬಂದರು.