ಕೋಣನಕುಂಟೆಗೆ ಬಂದ ಬೆಳಕಿನ ಪೆಟ್ಟಿಗೆ

ಕೋಣನಕುಂಟೆಯಿಂದ ಜಯನಗರಕ್ಕೆ ಏಳೆಂಟು ಕಿಲೋಮೀಟರ್. ಇಷ್ಟು ದೂರಕ್ಕೆ ಯಾರೂ ಪ್ರವಾಸ ಕಥನ ಬರೆಯುವುದಿಲ್ಲ. ಆದರೆ ಆ ಶನಿವಾರ ನಾನು ಹೊರಟ ಸಂಭ್ರಮ ನೋಡಿದ್ದರೆ ಹಿಮಾಲಯಕ್ಕೆ ಹೊರಟಿದ್ದಾನೆ ಅಂದುಕೊಳ್ಳುತ್ತಿದ್ದಿರಿ. ಕೈಯಲ್ಲಿ ಪಾರದರ್ಶಕ ಹಾಳೆಗಳ ಸುರುಳಿ, ಹೆಗಲಲ್ಲಿ ಚೀಲ, ಚೀಲದೊಳಗೆ ಚಿತ್ರಾನ್ನದ ಡಬ್ಬಿ ಮತ್ತು ಒಂದು ಡಸ್ಟರ್. ಡಸ್ಟರ್ ಯಾಕೆಂದರೆ, ನಮ್ಮ ಶಾಲೆಯಲ್ಲಿ ಮೇಜಿನ ಮೇಲೆ ಬಿಟ್ಟ ಡಸ್ಟರ್ ಮರುದಿನ ಮೈದಾನದಲ್ಲಿ ವಿಕೆಟ್ ಆಗಿ ನಿಂತಿರುತ್ತಿತ್ತು. ಹಾಗಾಗಿ ನಾವು ಮೇಷ್ಟ್ರುಗಳು ನಮ್ಮ ನಮ್ಮ ಡಸ್ಟರನ್ನು ಚೀಲದಲ್ಲೇ ಇಟ್ಟುಕೊಂಡು ಓಡಾಡುತ್ತಿದ್ದೆವು.

ತೊಂಬತ್ತರ ದಶಕದ ಕೊನೆಯ ಮಾತು. ಮೂರನೇ ತರಗತಿಗೆ ನಾನು ಹೊಸ ಮೇಷ್ಟ್ರು. ಜಯನಗರದ ಶಾಲೆಯೊಂದರಲ್ಲಿ ನಮ್ಮಂಥವರಿಗೆ ಒಂದು ವಾರ ಓವರ್‌ಹೆಡ್ ಪ್ರೊಜೆಕ್ಟರಿನ ತರಬೇತಿ ಇತ್ತು. ಅದೊಂದು ದೀಪದ ಪೆಟ್ಟಿಗೆ, ಮೇಲೆ ಲೆನ್ಸ್ ಇರುವ ಉದ್ದ ಕತ್ತು. ಮೇಲಿನ ಗಾಜಿನ ಮೇಲೆ ಚಿತ್ರ ಬರೆದ ಹಾಳೆ ಇಟ್ಟರೆ ಅದು ಎದುರಿನ ಪರದೆಯ ಮೇಲೆ ಆನೆ ಗಾತ್ರದಲ್ಲಿ ಬೀಳುತ್ತದೆ. ಕೊನೆಯ ದಿನ, ಅಂದರೆ ಆ ಶನಿವಾರ, ನಾವೆಲ್ಲ ಅಲ್ಲಿನ ಮಕ್ಕಳಿಗೆ ಪಾಠ ಮಾಡಿ ತೋರಿಸಬೇಕು. ಚೆನ್ನಾಗಿ ಮಾಡಿದವರ ಶಾಲೆಗೆ ಒಂದು ಹಳೆಯ ಪ್ರೊಜೆಕ್ಟರ್ ಕೊಡುತ್ತಾರೆ.

ಇಷ್ಟಾಗಿದ್ದರೆ ಗಾಬರಿ ಇರಲಿಲ್ಲ. ನಾನು ಬಾಯಿ ತಡೆಯದೆ ನನ್ನ ಮಕ್ಕಳಿಗೆ "ತಂದೇ ತರ್ತೀನಿ" ಎಂದು ಹೇಳಿಬಿಟ್ಟಿದ್ದೆ. ಅವರಲ್ಲೊಬ್ಬಳ ಅಪ್ಪ ಬಣ್ಣ ಬಳಿಯುವವರು. ರಜೆಯ ದಿನ ಬಂದು ತರಗತಿಯ ಹಿಂದಿನ ಗೋಡೆಗೆ, ಪರದೆಯಾಗಲಿ ಎಂದು, ಹಾಲಿನಂತೆ ಸುಣ್ಣ ಹೊಡೆದು ಹೋಗಿದ್ದರು. ಜಯನಗರದಲ್ಲಿ ಕೂತಿದ್ದರೂ ಆ ಬಿಳಿ ಗೋಡೆ ವಾರವಿಡೀ ನನ್ನನ್ನೇ ದಿಟ್ಟಿಸುತ್ತಿತ್ತು.

ಬಸ್ಸಿನಲ್ಲಿ ಜೊತೆಗೆ, ನನ್ನ ಪಾಠ ನೋಡಲು ಹೊರಟ ನಮ್ಮ ಹೆಡ್‌ಮಿಸ್ ಸರೋಜಮ್ಮ ಮೇಡಂ ಇದ್ದರು. ಸಾರಕ್ಕಿ ಬರುವಷ್ಟರಲ್ಲಿ ನನ್ನ ಹಾಳೆಯ ಸುರುಳಿ ಮೂವರ ಬೆನ್ನು ತಿವಿದಿತ್ತು.

"ಚಂದ್ರು, ನಿನ್ನೆ ಪ್ರಾಕ್ಟೀಸ್ ಹೆಂಗಾಯ್ತೋ?"

"ಸಖತ್ತಾಗಿ ಆಯ್ತು ಮೇಡಂ. ದೀಪಕ್ಕೆ ಅಡ್ಡ ನಿಂತ್ಬಿಟ್ಟೆ. ಪಾಠವೆಲ್ಲ ನನ್ನ ಹಣೆ ಮೇಲೆ ಬಿತ್ತು."

"ಓದೋಕೆ ಬಂತಾ?"

"ತಲೆಕೆಳಗಾಗಿತ್ತು ಮೇಡಂ."

ಅವರು ನಗಲಿಲ್ಲ. ಕಿಟಕಿಯಾಚೆ ನೋಡುತ್ತಾ, "ಆ ಮಕ್ಕಳಿಗೆ ಇಲ್ಲ ಅನ್ನೋಕೆ ನನ್ನ ಕೈಲಾಗಲ್ಲ. ಸೋತ್ರೆ ನೀನೇ ಹೇಳ್ಬೇಕು" ಎಂದರು. ಮುಂದೆ ಬನಶಂಕರಿ ದೇವಸ್ಥಾನ ಬಂದಾಗ ಬಸ್ಸಿನಲ್ಲಿದ್ದವರೆಲ್ಲ ಕೂತಲ್ಲೇ ಕೈ ಮುಗಿದರು. ನಾನು ಎರಡು ಸಲ ಮುಗಿದೆ.

ತರಬೇತಿ ಕೊಡುತ್ತಿದ್ದ ಸುಧೀಂದ್ರ ಸಾರ್ ಬಿಸಿಲಲ್ಲೂ ಟೈ ಬಿಚ್ಚದವರು. ಅವರ ಮೊದಲ ನಿಯಮ, ಪರದೆ ಮುಟ್ಟಬಾರದು. ಎರಡನೆಯದೂ ಅದೇ. ನನಗಿಂತ ಮುಂಚೆ ಪಾಠ ಮಾಡಿದವರು ಹೂವಿನ ಭಾಗಗಳನ್ನು ನಾಲ್ಕು ಬಣ್ಣದಲ್ಲಿ ಬರೆದುಕೊಂಡು ಬಂದಿದ್ದರು. ಎಲ್ಲರೂ ಚಪ್ಪಾಳೆ ಹೊಡೆದರು.

ನನ್ನ ಪಾಠ ಬೆಳಕು ಮತ್ತು ನೆರಳು. ಕಿಟಕಿ ಮುಚ್ಚಿ ಕತ್ತಲು ಮಾಡಿ ದೀಪ ಹಾಕಿದೆ. ಸೂರ್ಯ ಕೆಳಗೆ, ಮರದ ಬೇರು ಮೇಲೆ. ಮಕ್ಕಳು ಕಿಸಕ್ಕನೆ ನಕ್ಕರು. ಹಾಳೆ ತಿರುಗಿಸಿದೆ. ಮುಂದಿನ ಬೆಂಚಿನ ಹುಡುಗಿ ಕೇಳಿದಳು, "ಸಾರ್, ನೆರಳು ಯಾವ ಕಡೆ ಬೀಳತ್ತೆ?"

ಪ್ರಶ್ನೆ ಬಂತು ಎಂದರೆ ಮೇಷ್ಟ್ರ ಕೈ ತಾನಾಗಿಯೇ ಜೇಬಿಗೆ ಹೋಗುತ್ತದೆ. ಜೇಬಿನಲ್ಲಿ ಸೀಮೆಸುಣ್ಣ. ನಾನು ತಿರುಗಿ ಸುಧೀಂದ್ರ ಸಾರ್ ಅವರ ಹೊಸ ಪರದೆಯ ಮೇಲೆ ಸರ್ರನೆ ಒಂದು ಗೆರೆ ಎಳೆದೆ. ಬಿಳಿಯ ಮೇಲೆ ಬಿಳಿ, ಏನೂ ಕಾಣಿಸಲಿಲ್ಲ. ಇನ್ನೂ ಒತ್ತಿ ಎಳೆದೆ. ಹಿಂದಿನಿಂದ "ಅಯ್ಯೋ!" ಎಂಬ ಕೂಗು ಬಂತು. ಟೈ ಕಟ್ಟಿದ್ದ ಕೊರಳಿನದ್ದೇ. ಆಗ ನಾನೇನು ಮಾಡಬೇಕಿತ್ತು? ಸುಮ್ಮನೆ ನಿಲ್ಲಬೇಕಿತ್ತು. ಚೀಲದಿಂದ ಡಸ್ಟರ್ ತೆಗೆದು ಪರದೆ ಉಜ್ಜಿದೆ. ನಮ್ಮ ಶಾಲೆಯ ಅಷ್ಟೂ ಧೂಳು ಅದಕ್ಕೆ ಮೆತ್ತಿಕೊಂಡಿತು. ಡಸ್ಟರಿನದ್ದೇ ತಪ್ಪು ಎನ್ನುವಂತೆ ಅದನ್ನು ಮೇಜಿನ ಅಂಚಿಗೆ ಪಟಪಟನೆ ಬಡಿದೆ.

ಸುಣ್ಣದ ಧೂಳು ಮೋಡದಂತೆ ಎದ್ದಿತು. ನಾನು ಕೆಮ್ಮಿದೆ. ಕೆಲಸ ಹೋಯಿತು, ಗೋಡೆಯೂ ಹೋಯಿತು ಎಂದುಕೊಂಡೆ.

"ಸಾರ್! ಬೆಳಕು ಕಾಣಿಸ್ತಾ ಇದೆ!"

ತಿರುಗಿ ನೋಡಿದೆ. ಪೆಟ್ಟಿಗೆಯಿಂದ ಪರದೆಯವರೆಗೆ, ಧೂಳಿನ ನಡುವೆ, ಬೆಳಕು ಗಾಳಿಯಲ್ಲಿ ಹಾಸಿಕೊಂಡು ನಿಂತಿತ್ತು. "ಒಂಚೂರೂ ಸೊಟ್ಟ ಇಲ್ಲ ಕಣೋ, ರೋಡ್ ಥರ!" ಎಂದು ಒಬ್ಬ ಕೂಗಿದ. ನೆರಳು ಯಾವ ಕಡೆ ಎಂದು ಕೇಳಿದ್ದ ಹುಡುಗಿ ಎದ್ದು ಬಂದು ಬೆಳಕಿನೊಳಗೆ ಕೈ ಹಾಕಿದಳು. "ನನ್ನ ಕೈ ದಾರೀಲಿ ಅಡ್ಡ ಬಂತು. ಆ ಕಡೆಗೆ ಬೆಳಕು ಹೋಗ್ಲಿಲ್ಲ. ಅದಕ್ಕೇ ನೆರಳು, ಅಲ್ವಾ ಸಾರ್?"

ನನ್ನ ನಾಲ್ಕನೇ ಹಾಳೆಯಲ್ಲಿ ಬಾಣದ ಗುರುತು ಹಾಕಿ ಬರೆದಿದ್ದು ಅದೇ. ಆ ಹಾಳೆಯನ್ನು ಸುರುಳಿಯಿಂದ ತೆಗೆಯಲೇ ಇಲ್ಲ. ಧೂಳು ಕೂತರೆ "ಸಾರ್, ಇನ್ನೊಂದ್ಸಲ ಬಡೀರಿ" ಎನ್ನುತ್ತಿದ್ದರು. ನಾನು ಬಡಿಯುತ್ತಿದ್ದೆ. ಬಾಚಣಿಗೆ, ಜಡೆ, ಊಟದ ಡಬ್ಬಿ, ಎಲ್ಲಕ್ಕೂ ನೆರಳು ಸಿಕ್ಕಿತು. ಗಂಟೆ ಹೊಡೆದರೂ ಯಾರೂ ಎದ್ದು ಹೋಗಲಿಲ್ಲ.

ಆಮೇಲೆ ಜಯನಗರ ನಾಲ್ಕನೇ ಬ್ಲಾಕಿನ ಹೋಟೆಲಿಗೆ ಹೋಗಿ ಖಾಲಿ ದೋಸೆ ತಿಂದು ಬೈ‌ಟು ಕಾಫಿ ಹಂಚಿಕೊಂಡು ಕುಡಿದೆವು. ಪಾಠದ ಗಾಬರಿಯಲ್ಲಿ ನಾನು ಚಿತ್ರಾನ್ನದ ಡಬ್ಬಿ ತೆರೆದೇ ಇರಲಿಲ್ಲ. ಮೇಡಂ ನನ್ನ ಹುಬ್ಬಿನ ಮೇಲಿನ ಸುಣ್ಣ ಒರೆಸಿ, "ಹಾಳೆ ಬರೆಯೋದು ಕಲಿತೆ, ಹಾಳೆ ಬಿಡೋದೂ ಕಲಿತೆ. ಕೊಡದಿದ್ರೆ ಕೊಡದಿರ್ಲಿ, ಮಕ್ಕಳಿಗೆ ನಾನೇ ಹೇಳ್ತೀನಿ ಬಿಡು" ಎಂದರು.

ಸಂಜೆ ಸುಧೀಂದ್ರ ಸಾರ್ ಎಲ್ಲರ ಮುಂದೆ ನನ್ನನ್ನು ನಿಲ್ಲಿಸಿದರು. "ಚಂದ್ರು ಅವ್ರೇ, ವಾರವೆಲ್ಲ ನಾನು ಏನು ಹೇಳ್ಕೊಟ್ಟೆ?"

"ಪರದೆ ಮುಟ್ಟಬಾರದು ಅಂತ, ಸಾರ್."

"ನೀವೇನು ಮಾಡಿದ್ರಿ?"

"ಮುಟ್ಟಿದೆ ಸಾರ್. ಉಜ್ಜಿದೆ ಕೂಡ."

ಅವರು ಟೈ ಸಡಿಲ ಮಾಡಿದರು. ವಾರದಲ್ಲಿ ಅದೇ ಮೊದಲು. "ನನ್ನ ಪಾಠದಲ್ಲಿ ಗಂಟೆ ಯಾವಾಗ ಹೊಡೆಯತ್ತೆ ಅಂತ ಮಕ್ಕಳು ಕಾಯ್ತಾರೆ ರೀ. ಪೆಟ್ಟಿಗೆ ತಗೊಂಡು ಹೋಗಿ. ಲೆನ್ಸ್ ಮಾತ್ರ ಒರೆಸ್ತಾ ಇರಿ. ಡಸ್ಟರಲ್ಲಿ ಅಲ್ಲ, ಹತ್ತಿ ಬಟ್ಟೇಲಿ."

ವಾಪಸ್ ಬಸ್ಸಿನಲ್ಲಿ ಪೆಟ್ಟಿಗೆ ನನ್ನ ತೊಡೆಯ ಮೇಲಿತ್ತು. ಅದರ ಉದ್ದ ಕತ್ತನ್ನು ಮೇಡಂ ಹಿಡಿದಿದ್ದರು.

"ಏನ್ ಸಾರ್ ಇದು, ಗ್ರೈಂಡರ್ರಾ?" ಎಂದರು ಕಂಡಕ್ಟರ್.

"ಪಾಠ ಮಾಡೋ ಮಷೀನು."

"ಹಂಗಾದ್ರೆ ನೀವ್ಯಾಕೆ ಬೇಕು?"

"ಡಸ್ಟರ್ ಬಡಿಯೋಕೆ ಕಣಣ್ಣ" ಎಂದು ಮೇಡಂ ಉತ್ತರ ಕೊಟ್ಟರು. ಇಡೀ ಬಸ್ಸು ನಕ್ಕಿತು. ಕಂಡಕ್ಟರ್ ನಗುತ್ತಲೇ ಲಗೇಜಿಗೂ ಟಿಕೆಟ್ ಹರಿದರು.

ಸೋಮವಾರ ಬೆಳಗ್ಗೆ ಬಿಳಿ ಗೋಡೆಯ ಎದುರು ಪೆಟ್ಟಿಗೆ ಇಟ್ಟೆ. ಭಾನುವಾರವೆಲ್ಲ ಕೂತು ಹೊಸ ಹಾಳೆ ಬರೆದಿದ್ದೆ, ಐದು ಬಣ್ಣದಲ್ಲಿ. ಮೇಡಂ ಆಗಲೇ ಮಕ್ಕಳಿಗೆ ಜಯನಗರದ ಕಥೆ ಹೇಳಿಬಿಟ್ಟಿದ್ದರು. ಕಿಟಕಿ ಮುಚ್ಚಿ ದೀಪ ಹಾಕುವುದೇ ತಡ, ಮೈದಾನದಲ್ಲಿ ವಿಕೆಟ್ಟಾಗಿದ್ದ ಡಸ್ಟರುಗಳೆಲ್ಲ ಬೆಂಚುಗಳ ಕೆಳಗಿನಿಂದ ಹೊರಗೆ ಬಂದವು. ಪಟಪಟ, ಪಟಪಟ. ಬೆಳಕು ಎದ್ದು ನಿಂತಿತು. ಮಕ್ಕಳು ಕುಣಿದರು, ಕೆಮ್ಮಿದರು, ಕೈ ಒಡ್ಡಿದರು. ಗೋಡೆಯ ಮೇಲಿದ್ದ ನನ್ನ ಐದು ಬಣ್ಣದ ಪಾಠ ಅವತ್ತೂ ತಲೆಕೆಳಗಾಗಿಯೇ ಇತ್ತು. ಪುಣ್ಯಕ್ಕೆ ಅದನ್ನು ಯಾರೂ ನೋಡಲಿಲ್ಲ.