ಕಲಾಂಗ ಮಾತಾಡುತ್ತಿದ್ದ ಗೆಳತಿ

ಎಪ್ಪತ್ತರ ದಶಕದ ಆರಂಭದಲ್ಲಿ ನಾವು ಪ್ರಿನ್ಸ್‌ಟನ್‌ನಲ್ಲಿದ್ದೆವು. ನನ್ನ ಗಂಡ ಕೆಮಿಸ್ಟ್ರಿಯಲ್ಲಿ ಪಿಎಚ್‌.ಡಿ. ಮಾಡುತ್ತಿದ್ದರು. ಪಕ್ಕದ ಅಪಾರ್ಟ್‌ಮೆಂಟಿನವಳು ಬೋಟ್ಸ್‌ವಾನಾದಿಂದ ಬಂದಿದ್ದಳು. ಅವಳ ಗಂಡನೂ ಅಲ್ಲೇ ಓದುತ್ತಿದ್ದ. ಅವಳು ಊರಿನಲ್ಲಿ ಪ್ರೈಮರಿ ಶಾಲೆಯ ಟೀಚರ್.

ಬೇಸ್‌ಮೆಂಟಿನಲ್ಲಿ ಬಟ್ಟೆ ಒಗೆಯುವ ಮೆಷಿನ್ನುಗಳಿದ್ದವು. ಒಂದು ಬೆಳಿಗ್ಗೆ ಅಲ್ಲಿ ಅವಳು ತನ್ನ ಪುಟ್ಟ ಮಗಳ ಜೊತೆ ಮಾತಾಡುತ್ತಿದ್ದುದನ್ನು ಕೇಳಿ, “ಅದು ನಿಮ್ಮ ದೇಶದ ಸೆಟ್ಸ್‌ವಾನಾ ಭಾಷೆಯಾ?” ಅಂದೆ.

“ಅಲ್ಲ, ಕಲಾಂಗ. ನಿಮ್ಮದು?”

“ಕನ್ನಡ. ಮನೆಯಲ್ಲಿ ಮಾತ್ರ ತುಳು.”

ಅವಳ ಮುಖ ಅರಳಿತು. “ಹಾಗಾದರೆ ನಿಮಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ!”

ಆದರೂ ಹೇಳಿದಳು. ಅವಳ ದೇಶದಲ್ಲಿ ಹತ್ತಾರು ಭಾಷೆಗಳಿದ್ದರೂ ಶಾಲೆಯಲ್ಲಿ ನಡೆಯುವುದು ಸೆಟ್ಸ್‌ವಾನಾ ಮತ್ತು ಇಂಗ್ಲಿಷ್ ಎರಡೇ. ಉಳಿದವೆಲ್ಲ ಮನೆಯೊಳಗೇ. “ಸೆಟ್ಸ್‌ವಾನಾ ಮೇಲೆ ನನಗೇನೂ ಸಿಟ್ಟಿಲ್ಲ. ಆದರೆ ನಮ್ಮಜ್ಜಿಗೆ ಅದು ಬರೋದಿಲ್ಲವಲ್ಲ!”

ಆ ಚಳಿಗಾಲ ಯೂನಿವರ್ಸಿಟಿಯ ಭಾಷಾವಿಜ್ಞಾನದ ಪ್ರೊಫೆಸರೊಬ್ಬರು ಸೆಟ್ಸ್‌ವಾನಾ ಬಲ್ಲವರನ್ನು ಹುಡುಕುತ್ತಿದ್ದರು. ಗೊತ್ತಿಲ್ಲದ ಭಾಷೆಯೊಂದನ್ನು, ಅದನ್ನು ಆಡುವವರಿಂದಲೇ ಕೇಳಿ ಕೇಳಿ ವಿದ್ಯಾರ್ಥಿಗಳು ಅರಿಯುವ ತರಗತಿಗಾಗಿಯಂತೆ. ಅವಳು ಅವರನ್ನು ಕಾಣಲು ಹೊರಟಾಗ ಮಗುವನ್ನು ನೋಡಿಕೊಳ್ಳಲು ನಾನೂ ಅವಳ ಜೊತೆ ಹೋದೆ.

ಅವಳು ಪ್ರೊಫೆಸರಿಗೆ ನೇರವಾಗಿಯೇ ಹೇಳಿದಳು: “ಸೆಟ್ಸ್‌ವಾನಾ ನನಗೆ ಚೆನ್ನಾಗಿ ಬರುತ್ತೆ. ಆದರೆ ಅದಕ್ಕೆ ಬೇರೆಯವರೂ ಸಿಗುತ್ತಾರೆ. ನನ್ನಿಂದ ಕಲಾಂಗ ಕಲಿಯಿರಿ.”

ಪ್ರೊಫೆಸರು ಸ್ವಲ್ಪ ಯೋಚಿಸಿ, “ಸರಿ, ಶುರು ಮಾಡೋಣ” ಅಂದುಬಿಟ್ಟರು.

ವಾರವಾರವೂ ನಾನು ಹಿಂದಿನ ಬೆಂಚಿನಲ್ಲಿ ಮಗುವನ್ನು ಮಡಿಲಲ್ಲಿಟ್ಟುಕೊಂಡು ಕೂರುತ್ತಿದ್ದೆ. ನೀರಿಗೆ ಏನಂತೀರಿ, ಬೆಂಕಿಗೆ ಏನಂತೀರಿ ಎಂದು ಹುಡುಗರು ಕೇಳುವರು. ಎಷ್ಟು ಸಲ ಕೇಳಿದರೂ ಅವಳು ಬೇಸರಿಸದೆ ಹೇಳುವಳು. ಒಮ್ಮೆ ಒಬ್ಬ ಎತ್ತರದ ಹುಡುಗನಿಗೆ ಸಿಳ್ಳೆಯಂಥ ಒಂದು ಶಬ್ದ ಬಾಯಿಗೆ ಹತ್ತಲೇ ಇಲ್ಲ. ಅವನು ತುಟಿ ಮುಂದೆ ಮಾಡಿ ಒದ್ದಾಡುತ್ತಿದ್ದಾಗ ನನ್ನ ಮಡಿಲಿನ ಮಗು ಆ ಪದವನ್ನು ಸ್ಪಷ್ಟವಾಗಿ ಅಂದುಬಿಟ್ಟಿತು. ತರಗತಿಯೆಲ್ಲ ಚಪ್ಪಾಳೆ ತಟ್ಟಿತು.

ಕೊನೆಯ ದಿನ ಅವಳು ಅಜ್ಜಿಯಿಂದ ಕೇಳಿದ ಮೊಲದ ಕಥೆ ಹೇಳಿದಳು, ನಡುವೆ ಒಂದೂ ಇಂಗ್ಲಿಷ್ ಮಾತಿಲ್ಲದೆ. ಹುಡುಗರು ನಗಬೇಕಾದಲ್ಲೇ ನಕ್ಕರು. ಅವಳು ಮಾತ್ರ ಕಣ್ಣೊರೆಸಿಕೊಂಡಳು. “ಅಜ್ಜಿಗೆ ಹೇಳಿದರೆ ನಂಬೋದಿಲ್ಲ,” ಅಂದಳು ನನಗೆ.

ಮರುವರ್ಷ ನನಗೆ ಮಗ ಹುಟ್ಟಿದ. “ಮನೆಯಲ್ಲಿ ಇಂಗ್ಲಿಷೇ ಮಾತಾಡಿ, ಇಲ್ಲದಿದ್ದರೆ ಮಗುವಿಗೆ ಗೊಂದಲವಾಗುತ್ತೆ” ಎಂದು ಪರಿಚಯದ ಆಂಟಿಯೊಬ್ಬರು ಬುದ್ಧಿ ಹೇಳಿದರು. ನಾನು ಆಯಿತೆಂದು ತಲೆ ಆಡಿಸಿ, ಮಗನೊಂದಿಗೆ ತುಳುವಿನಲ್ಲೇ ಮಾತಾಡಿದೆ.

ಅಷ್ಟರಲ್ಲಿ ಗೆಳತಿ ಮತ್ತು ಅವಳ ಮನೆಯವರು ತಮ್ಮ ದೇಶಕ್ಕೆ ಮರಳಿದ್ದರು. ಅಲ್ಲಿಂದ ಬಂದ ವಿದ್ಯಾರ್ಥಿಯೊಬ್ಬ ಕೆಲವು ವರ್ಷಗಳ ನಂತರ ಅವಳ ಸುದ್ದಿ ಹೇಳಿದ. ದಿನಾ ಸಂಜೆ ಶಾಲೆ ಬಿಟ್ಟ ಮೇಲೆ ಅವಳು ಮಕ್ಕಳನ್ನು ಶಾಲೆಯ ಅಂಗಳದಲ್ಲೇ ಕೂರಿಸಿಕೊಂಡು ಕಲಾಂಗದಲ್ಲಿ ಕಥೆ ಹೇಳುತ್ತಾಳಂತೆ. ಹೆಡ್‌ಮಾಸ್ಟರು ಆಕ್ಷೇಪಿಸಿದಾಗ, “ಇದು ಪಾಠವಲ್ಲ ಸರ್, ಕಥೆ. ನೀವೂ ಕೂತ್ಕೊಳ್ಳಿ,” ಅಂದಳಂತೆ.

ಅವರು ಕೂತರಂತೆ.