ಮಾಳಿಗೆಯ ಮೇಲಿನ ಸೀಟಿ

ಇಂಡಿ ಪಟ್ಟಣದಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಕಾಲೇಜು ಮೇಡಂ ಸಿನಿಮಾ ಅಭಿಮಾನಿಗಳ ಬಗ್ಗೆ ಸಂಶೋಧನೆ ಮಾಡುತ್ತಿದ್ದರು. ಕಟೌಟಿಗೆ ಹಾಲೆರೆಯುವವರನ್ನು ಕಂಡು ನಾವು ನಕ್ಕರೆ, ಜಾರಿದ ದುಪ್ಪಟ್ಟಾ ತಲೆಯ ಮೇಲೆಳೆದುಕೊಳ್ಳುತ್ತ, "ಅದೂ ಪ್ರೀತೀನ ಐತ್ರಿ" ಎನ್ನುತ್ತಿದ್ದರು. ಅವರ ತಂದೆಗೆ ಮಾತ್ರ ಆ ಕೆಲಸ ಹಿಡಿಸಿರಲಿಲ್ಲ. "ಇದೂ ಒಂದ್ ಓದೇನು, ಬೇಟಿ?" ಎಂದು ಎಲ್ಲರೆದುರೇ ಕೇಳುತ್ತಿದ್ದರು.

ಒಂದು ಸಂಜೆ ಮೇಡಂ ದೇಶವಿದೇಶದ ವಿದ್ವಾಂಸರೊಡನೆ ಆನ್‌ಲೈನಿನಲ್ಲಿ ಮಾತಾಡಬೇಕಿತ್ತು. ಕೆಳಗೆ ನೆಟ್‌ವರ್ಕ್ ಸಿಗದೆ ನಮ್ಮ ಮಾಳಿಗೆ ಹತ್ತಿದರು. ತಂದೆಯೂ ಬಂದು ನನ್ನ ಪಕ್ಕದಲ್ಲಿ ಕೂತರು. ಲಿಂಬೆ ಹೂವಿನ ವಾಸನೆ ಗಾಳಿಯಲ್ಲಿ ತೇಲುತ್ತಿತ್ತು. ಪರದೆಯಲ್ಲಿ ಒಬ್ಬರ ಕಿಟಕಿಯಾಚೆ ಬೆಳಗಾಗಿತ್ತು, ಇನ್ನೊಬ್ಬರ ಕಿಟಕಿಯಾಚೆ ಕತ್ತಲಿತ್ತು. ಜಪಾನಿನ ವಿದ್ವಾಂಸೆಯೊಬ್ಬರು ತಮ್ಮೂರ ಅಭಿಮಾನಿಗಳು ಗಾಯಕಿಗಾಗಿ ಬಣ್ಣದ ದೀಪ ಬೀಸುವ ಬಗೆಯನ್ನು ತೋರಿಸಿ, ನಿಮ್ಮಲ್ಲಿ ಹೇಗೆಂದು ಕೇಳಿದರು.

ಮೇಡಂ ಒಮ್ಮೆ ತಂದೆಯತ್ತ ನೋಡಿದರು. ಆಮೇಲೆ ಬಾಯಲ್ಲಿ ಎರಡು ಬೆರಳಿಟ್ಟು ಊದಿದರು. ಬರೀ ಗಾಳಿ ಹೊರಟಿತು.

"ಹಂಗಲ್ಲ ಬೇಟಿ, ನಾಲಿಗಿ ಮಡಚಬೇಕು," ಎನ್ನುತ್ತ ತಂದೆ ಎದ್ದುಬಂದು ಉದ್ದನೆಯ ಸೀಟಿ ಹೊಡೆದರು. ಪರದೆಯವರೆಲ್ಲ ಚಪ್ಪಾಳೆ ತಟ್ಟಿದರು.

"ಅಬ್ಬಾ, ನೀವೂ?" ಎಂದು ಮೇಡಂ ತಂದೆಯತ್ತ ತಿರುಗಿದರು.

"ಟಾಕೀಸಿನ್ಯಾಗ ನಾ ಸೀಟಿ ಹೊಡದ್ರ ನಿಮ್ಮ ಅಮ್ಮಿ ಬಾಜೂಕ ಕುಂತು ಕಿವಿ ಮುಚ್ಕೋತಿದ್ಲು," ಎಂದು ತಂದೆ ನಾಚಿಕೊಂಡರು. ಆಮೇಲೆ ಪರದೆಯತ್ತ ಕೈ ತೋರಿಸಿ, ಮೆಲ್ಲಗೆ ಹೇಳಿದರು: "ಇದನ್ನೂ ಅವ್ರಿಗಿ ಹೇಳು."